ಬಯೂಮಿ ಇಹಾಬ್ ಬಯೂಮಿ

ತಂತಾ ಊರಿನ ದೊಡ್ಡ ಮಸೀದಿಯ ಹಿಂದಿನ ಓಣಿಯಲ್ಲಿ ಮೇಣದ ಬತ್ತಿ ಮಾಡುವ ಹಾಜಿ ಬಯೂಮಿಗೆ ಊರಿನ ಅರ್ಧದಷ್ಟು ಗಂಡಸರ ಹೆಸರಿನ ಗುಟ್ಟು ಗೊತ್ತಿತ್ತು. ಗೊತ್ತಿತ್ತು ಎನ್ನುವುದೇನು, ಆ ಹೆಸರುಗಳನ್ನು ಇಟ್ಟವನೇ ಅವನು. ಇಟ್ಟುಕೊಂಡು ಓಡಾಡುವವರಿಗೆ ಮಾತ್ರ ಅದು ತಿಳಿದಿರಲಿಲ್ಲ.

ಮಗು ಹುಟ್ಟಿದ ಏಳನೆಯ ದಿನ ತಟ್ಟೆಯಲ್ಲಿ ಬೇರೆ ಬೇರೆ ಬಣ್ಣದ ಏಳು ಬತ್ತಿ ಹಚ್ಚಬೇಕು. ಒಂದೊಂದಕ್ಕೆ ಒಂದೊಂದು ಹೆಸರು ಹೇಳಬೇಕು. ಯಾವುದು ಕೊನೆಯವರೆಗೆ ಉರಿಯುತ್ತದೋ ಆ ಹೆಸರನ್ನೇ ಮಗುವಿಗೆ ಇಡಬೇಕು. ಅದು ದೇವರು ಆರಿಸಿದ ಹೆಸರು, ಆಯುಷ್ಯ ಗಟ್ಟಿ. ಆದರೆ ದೇವರಿಗೆ ನೂರೆಂಟು ಕೆಲಸ, ಎಲ್ಲವನ್ನೂ ಅವನ ಮೇಲೆ ಹಾಕಿ ಕೂರುವುದು ಸರಿಯಲ್ಲ ಎಂದು ಐದನೆಯ ದಿನವೇ ಯಾವಳೋ ಅಜ್ಜಿ ಮುಸುಕು ಎಳೆದುಕೊಂಡು ಬಯೂಮಿಯ ಹಿಂಬಾಗಿಲಿಗೆ ಬರುತ್ತಿದ್ದಳು.

"ನೀಲಿದು ಸ್ವಲ್ಪ ಗಟ್ಟಿಯಾಗಿರ್ಲಿ ಹಾಜಿ. ನಮ್ ಸೊಸೆ ಬಾಯಿಗೆ ಬಂದ ಹೆಸರೆಲ್ಲ ಹೇಳ್ತಾ ಇದ್ದಾಳೆ. ಆಮೇಲೆ ಕೂಗಿ ಕರೆಯೋರು ನಾವು ತಾನೆ?"

ಬಯೂಮಿ ನೀಲಿ ಬತ್ತಿಗೆ ಜೇನುಮೇಣ ಹೊಯ್ದು, ಒಳಗೆ ಕೂದಲೆಳೆಯಂಥ ದಾರ ಇಡುತ್ತಿದ್ದ. ಉಳಿದ ಆರಕ್ಕೆ ಮೆತ್ತನೆಯ ಮೇಣ, ದಪ್ಪ ದಾರ. ದಪ್ಪ ದಾರದ ಬತ್ತಿ ಜೋರಾಗಿ ಉರಿದು, ನೋಡಿದವರ ಕಣ್ಣು ತುಂಬಿಸಿ, ಬೇಗ ಮುಗಿದು ಹೋಗುತ್ತದೆ. ಕೆಲಸ ಆದ ಮೇಲೆ ಅಜ್ಜಿಯ ಮನೆಯಿಂದ ಒಂದು ಬಾತುಕೋಳಿಯೋ ಜೋಡಿ ಪಾರಿವಾಳವೋ ಬರುತ್ತಿತ್ತು. ಹೆತ್ತವಳು ಗೋಡೆಯ ಕಡೆ ತಿರುಗಿ ಹಾಲೂಡುತ್ತಿದ್ದಳು. ಅದೇ ಸೊಸೆ ಇಪ್ಪತ್ತೈದು ವರ್ಷ ಕಳೆದು ಅತ್ತೆಯಾಗಿ, ಮುಸುಕು ಎಳೆದುಕೊಂಡು ಅದೇ ಹಿಂಬಾಗಿಲಿಗೆ ಬಂದಾಗ ಬಯೂಮಿ ಒಳಗೊಳಗೇ ನಗುತ್ತಿದ್ದ. ಅವನಿಗೆ ಹೆಂಗಸರ ಬಗ್ಗೆಯಾಗಲಿ ದೇವರ ಬಗ್ಗೆಯಾಗಲಿ ದೊಡ್ಡ ಭ್ರಮೆಯೇನೂ ಉಳಿದಿರಲಿಲ್ಲ.

ಹೆಸರುಗಳ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಊರಲ್ಲಿ ಮೊದಲು ತಿಳಿಯುತ್ತಿದ್ದುದು ಅವನ ಅಂಗಡಿಗೇ. ಅಪ್ಪನ ಪಕ್ಕ ಕೂತು ಕೆಲಸ ಕಲಿಯುವಾಗ ಬತ್ತಿಗಳ ಹೆಸರು ಮೆತ್ವಲ್ಲಿ, ದಸೂಕಿ, ಶಹ್ಹಾತ್, ಘರೀಬ್, ಬಯೂಮಿ. ಸಂತರ ಹೆಸರು, ಬಡವರ ಹೆಸರು, ಹೊಲದ ಮಣ್ಣು ಮೆತ್ತಿದ ಹೆಸರು. ಪರದೇಶದವರ ಕೈಲಿದ್ದ ಹಡಗಿನ ಕಾಲುವೆ ನಮ್ಮದಾಯಿತೆಂದು ರೇಡಿಯೋ ಕೂಗಿದ ವರ್ಷ ಏಳರಲ್ಲಿ ಐದು ಬತ್ತಿ ಗಮಾಲ್, ಅದನ್ನು ಗೆದ್ದುಕೊಟ್ಟ ನಾಯಕನ ಹೆಸರು. ಹನ್ನೊಂದು ವರ್ಷ ಕಳೆದು ಸೈನಿಕರು ಸೋತು, ಬರಿಗಾಲಲ್ಲಿ ಮರಳುಗಾಡಿನಿಂದ ನಡೆದು ಬಂದ ಬೇಸಿಗೆಯಲ್ಲಿ ಆ ಹೆಸರಿಗೆ ಗಿರಾಕಿ ಕಡಿಮೆಯಾಯಿತು. ಆಮೇಲೆ ಸಿನಿಮಾದವರ ಕಾಲ: ಇಹಾಬ್, ಹಾನಿ, ತಾಮಿರ್. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಬರುವಾಗ ಫ್ಯಾನು ಕಂಬಳಿಗಳ ಜೊತೆ ಅನಸ್, ಮುಆಝ್, ಹುಝೈಫಾಗಳನ್ನೂ ಕಟ್ಟಿಕೊಂಡು ಬಂದರು. ತುರ್ಕಿ ಧಾರಾವಾಹಿ ಬಂದ ವರ್ಷ ಓಣಿಗೆ ನಾಲ್ಕು ಮುಹನ್ನದ್. ಈಗ ಆದಮ್, ಮಾಲಿಕ್, ಇಯಾದ್, ತೈಮ್. ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುವ ಹೆಸರುಗಳು.

ಬಯೂಮಿ ಎಂಬ ಬತ್ತಿಯನ್ನು ಮಾತ್ರ ಮೂವತ್ತೈದು ವರ್ಷಗಳಿಂದ ಯಾರೂ ಕೇಳಿರಲಿಲ್ಲ. ಆ ಹೆಸರು ಈಗ ಕಿವಿಗೆ ಬೀಳುತ್ತಿದ್ದುದು ಎರಡೇ ಕಡೆ. ಒಂದು ಟೀವಿಯಲ್ಲಿ. ಕಟ್ಟಡದ ಬಾಗಿಲು ಕಾಯುವ, ಸಾಹೇಬರ ಚೀಲ ಹೊರುವ, ಬೈಸಿಕೊಂಡು ಹಲ್ಲು ಕಿರಿಯುವ ಪೆದ್ದ ಮುದುಕ ಬಂದನೆಂದರೆ ಅವನ ಹೆಸರು ಬಯೂಮಿಯೇ. ಇನ್ನೊಂದು ಮಸೀದಿಯ ಮೈಕಿನಲ್ಲಿ, ಸತ್ತವರ ಹೆಸರು ಹೇಳುವಾಗ. ಇರುವ ಬಯೂಮಿಗಳು ಒಬ್ಬೊಬ್ಬರಾಗಿ ಮುಗಿಯುತ್ತಿದ್ದರು, ಹೊಸಬರು ಹುಟ್ಟುತ್ತಿರಲಿಲ್ಲ. ತಾನು ಹೋದ ಮೇಲೂ ಈ ಓಣಿಯಲ್ಲಿ ಯಾರಾದರೂ 'ಬಯೂಮಿ' ಎಂದು ಕೂಗಬೇಕು, ಯಾರಾದರೂ ತಿರುಗಿ ನೋಡಬೇಕು. ಅವನಿಗೆ ಬೇಕಾಗಿದ್ದುದು ಅಷ್ಟೇ, ಅದನ್ನು ಬಿಟ್ಟು ಬೇರೇನೂ ಬೇಕಾಗಿರಲಿಲ್ಲ.

ಪಕ್ಕದ ಅಂಗಡಿಯಲ್ಲಿ ಹುರಿಗಡಲೆ ಮಾರುವ ಮೆತ್ವಲ್ಲಿ ಅವನ ಬಾಲ್ಯದ ಗೆಳೆಯ. ಅವನ ನಾಲ್ಕು ಮೊಮ್ಮಕ್ಕಳಲ್ಲಿ ಒಬ್ಬನಿಗೂ ಅಜ್ಜನ ಹೆಸರಿರಲಿಲ್ಲ, ಅದರಿಂದ ಅವನ ನಿದ್ದೆಯೇನೂ ಕೆಟ್ಟಿರಲಿಲ್ಲ.

"ನಿನ್ ಮಗನಿಗೆ ನಿನ್ನಪ್ಪನ ಹೆಸರಿಟ್ಯಾ ನೀನು?" ಎಂದು ಮೆತ್ವಲ್ಲಿ ಕೆಣಕುತ್ತಿದ್ದ. "ಘರೀಬ್ ಅಂತ ಕರೆಯೋಕೆ ನಾಚ್ಕೆ ಆಗಿ ಸಿನಿಮಾದೋನ ಹೆಸರಿಟ್ಟೆ. ಈಗ ಆ ಮಗ ನಿನ್ ಹೆಸರಿಡ್ಬೇಕು. ಬೇವು ಬಿತ್ತಿ ಮಾವು ಕೇಳ್ತೀಯಲ್ಲ ಮಾರಾಯ."

"ನಮ್ಮಪ್ಪ ಆಗ್ಲೇ ಸತ್ತಿದ್ದ. ಸತ್ತೋನಿಗೇನು ಗೊತ್ತಾಗತ್ತೆ?"

"ನಿನಗೆ ಮಾತ್ರ ಗೊತ್ತಾಗತ್ತಾ?"

ಬಯೂಮಿ ಗಿರಾಕಿಯ ಕಡೆ ತಿರುಗುತ್ತಿದ್ದ.

ಮಗ ಇಹಾಬ್ ಕರೆಂಟು ಆಫೀಸಿನಲ್ಲಿ ಗುಮಾಸ್ತ. ಅಂಗಡಿಯ ಮೇಲಿರುವ ಅಪ್ಪನ ಮನೆಯ ಮೇಲಂತಸ್ತಿನಲ್ಲಿ ಸಂಸಾರ. ಎತ್ತು ಎಂದರೆ ಎತ್ತುವ, ಇಳಿಸು ಎಂದರೆ ಇಳಿಸುವ ಮನುಷ್ಯ. ಅವನ ಹೆಂಡತಿ ನೆರ್ಮೀನ್ ಅಲೆಕ್ಸಾಂಡ್ರಿಯಾದವಳು, ಶಿಶುವಿಹಾರದಲ್ಲಿ ಟೀಚರು. ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಆರು ವರ್ಷ ಬಿಟ್ಟು ಗಂಡುಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದ ದಿನವೇ ಬಯೂಮಿ ಮಗುವಿನ ಕಿವಿಯಲ್ಲಿ ತನ್ನ ಹೆಸರು ಹೇಳಿಬಿಟ್ಟ. ನೆರ್ಮೀನ್ ಮಗುವನ್ನು ಈಚೆಗೆ ಎಳೆದುಕೊಂಡಳು.

"ಇವನು ಮಾಲಿಕ್ ಮಾವ. ಹೊಟ್ಟೇಲಿದ್ದಾಗ್ಲೇ ನಾನು ಅಂದ್ಕೊಂಡಿದ್ದೀನಿ. ನನ್ನ ಕ್ಲಾಸಲ್ಲಿ ಮೂವತ್ತು ಮಕ್ಕಳಿದ್ದಾರೆ. ನೀವು ಹೇಳೋ ಹೆಸರಿಟ್ರೆ ಅವು ಇವನನ್ನ ಏನು ಮಾಡ್ತವೆ ಅಂತ ನಂಗೆ ಗೊತ್ತು."

"ಏನು ಮಾಡ್ತವೆ? ತಿಂದುಬಿಡ್ತವಾ?"

"ತಿಂದೇ ಬಿಡ್ತವೆ."

ಎರಡು ದಿನ ಮನೆಯಲ್ಲಿ ಒಲೆ ಹೊಗೆಯಾಡಿತು. ಇಹಾಬ್ ಅಡಕತ್ತರಿಯಲ್ಲಿ ಸಿಕ್ಕವನಂತೆ ಅಪ್ಪನ ಕಡೆಗೊಮ್ಮೆ ಹೆಂಡತಿಯ ಕಡೆಗೊಮ್ಮೆ ನೋಡುತ್ತ ಕೂತ. ಮೂರನೆಯ ದಿನ ನೆರ್ಮೀನ್ ತಾನಾಗಿಯೇ ಒಂದು ದಾರಿ ಹೇಳಿದಳು. "ಜಗಳ ಯಾಕೆ ಮಾವ? ನಿಮ್ಮೂರಲ್ಲಿ ಬತ್ತಿ ಹಚ್ತಾರಂತಲ್ಲ, ನಾವೂ ಹಚ್ಚೋಣ. ದೇವರು ಯಾವುದು ಹೇಳ್ತಾನೋ ಅದೇ ಆಗ್ಲಿ. ನಾನು ಆಮೇಲೆ ತುಟಿ ಬಿಚ್ಚಲ್ಲ."

ಕುರಿ ತಾನೇ ನಡೆದು ಬಂದು ಕಟುಕನ ಮುಂದೆ ಕತ್ತು ಚಾಚಿತು. ಅಲೆಕ್ಸಾಂಡ್ರಿಯಾದ ಹುಡುಗಿಗೆ ತಂತಾದ ಹಿಂಬಾಗಿಲುಗಳ ವಿಷಯ ಯಾರು ಹೇಳಬೇಕು? ಹೇಳಬಹುದಾದ ಹೆಂಗಸರೆಲ್ಲ ಒಮ್ಮೆಯಾದರೂ ಆ ಬಾಗಿಲು ದಾಟಿದವರು. ಬಯೂಮಿ ತಲೆ ತಗ್ಗಿಸಿ, ದೊಡ್ಡ ಮನಸ್ಸು ಮಾಡಿದವನ ಹಾಗೆ ಒಪ್ಪಿಕೊಂಡ. ಏಳು ಬತ್ತಿ ಮಾಡಿ ಸೊಸೆಯ ಮುಂದೆ ಸಾಲಾಗಿ ಇಟ್ಟ.

"ನೀನೇ ಮೊದ್ಲು ಆರಿಸ್ಕೋ ತಾಯಿ. ನಾಳೆ ಒಂದು ಮಾತು ಬರ್ಬಾರ್ದು."

ನೆರ್ಮೀನ್ ಒಂದೊಂದನ್ನೇ ಎತ್ತಿ ತೂಗಿ ನೋಡಿ, ಎಲ್ಲಕ್ಕಿಂತ ದಪ್ಪಗಿದ್ದ ಕೆಂಪು ಬತ್ತಿಯನ್ನು ಮಾಲಿಕ್‌ಗೆಂದು ತೆಗೆದುಕೊಂಡಳು. ತೆಗೆದುಕೊಳ್ಳುತ್ತಾಳೆಂದು ಅವನಿಗೆ ಗೊತ್ತಿತ್ತು. ಅದರಲ್ಲಿ ಷೂ ಲಾಡಿಯಷ್ಟು ದಪ್ಪದ ದಾರವಿತ್ತು.

"ಒಳ್ಳೇದನ್ನೇ ಆರಿಸ್ದೆ," ಎಂದು ಅವನು ಹಳದಿ ಬಣ್ಣದ ಒಂದು ಸಣಕಲು ಬತ್ತಿಯನ್ನು ಕೈಗೆತ್ತಿಕೊಂಡ. "ಮುದುಕನಿಗೆ ಇದು ಸಾಕು."

ಏಳನೆಯ ದಿನ ಓಣಿಯ ಹೆಂಗಸರೆಲ್ಲ ನೆರೆದರು. ಮಗುವನ್ನು ಜರಡಿಯಲ್ಲಿ ಮಲಗಿಸಿ ಅಲುಗಾಡಿಸಿದರು, ಕಂಚಿನ ಕುಟ್ಟಾಣಿಯನ್ನು ಕಿವಿಯ ಹತ್ತಿರ ಕುಟ್ಟಿ ಅಮ್ಮನ ಮಾತು ಕೇಳು, ಅಪ್ಪನ ಮಾತು ಕೇಳಬೇಡ ಎಂದರು, ಉಪ್ಪು ಎರಚಿದರು. ತಾಯಿ ಏಳು ಸಲ ಮಗುವನ್ನು ದಾಟಿದಳು. ಬತ್ತಿ ಹಚ್ಚಿದಾಗ ಕೆಂಪು ಬತ್ತಿ ಎಲ್ಲಕ್ಕಿಂತ ಎತ್ತರವಾಗಿ ಉರಿಯಿತು. ನೆರ್ಮೀನಳ ಮುಖ ನೋಡಬೇಕಿತ್ತು, ಆಗಲೇ ಗೆದ್ದವಳ ಹಾಗೆ ಹೊಳೆಯುತ್ತಿತ್ತು. ಕಾಲು ಗಂಟೆಯಲ್ಲಿ ಕೆಂಪು ಬತ್ತಿ ಸೊಂಟ ಮುರಿದುಕೊಂಡು ತಟ್ಟೆಯಲ್ಲಿ ಕರಗಿತು. ಅವಳು ಸುತ್ತ ಕೂತ ಹೆಂಗಸರ ಮುಖ ನೋಡಿದಳು. ಒಬ್ಬಳು ಮುಸುಕು ಸರಿಮಾಡಿಕೊಂಡಳು, ಒಬ್ಬಳು ಮೂಗು ಒರೆಸಿಕೊಂಡಳು. ಬಯೂಮಿಯ ಹೆಂಡತಿ ಹಜ್ಜಾ ರತೀಬಾ ಎದ್ದು ಅಡುಗೆಮನೆಗೆ ಹೋದಳು. ಉಳಿದವೆಲ್ಲ ಆರಿದ ಮೇಲೂ ಹಳದಿ ಬತ್ತಿ ಬಹಳ ಹೊತ್ತು, ಬೇಸರ ಬರುವಷ್ಟು ಹೊತ್ತು ಉರಿಯಿತು.

"ದೇವರ ಇಚ್ಛೆ," ಎಂದ ಬಯೂಮಿ.

ಮರುದಿನವೇ ಮಗನನ್ನು ಕರೆದುಕೊಂಡು ಜನನ ಬರೆಸಲು ಆರೋಗ್ಯ ಕಚೇರಿಗೆ ಹೋದ. ಅಲ್ಲಿನ ಗುಮಾಸ್ತ ಅರ್ಜಿಯನ್ನು ಹಿಂದಕ್ಕೆ ತಳ್ಳಿದ.

"ತಪ್ಪು ಬರ್ದಿದ್ದೀರಿ. ಅಜ್ಜನ ಹೆಸರು ಮೂರನೇದು. ಮೊದಲ್ನೇ ಜಾಗದಲ್ಲಿ ಮಗು ಹೆಸರು ಬರೀಬೇಕು."

"ಅದು ಮಗುವಿಂದೇ. ಅಲ್ಲೂ ಬಯೂಮಿ, ಇಲ್ಲೂ ಬಯೂಮಿ," ಎಂದ ಮುದುಕ.

ಗುಮಾಸ್ತ ಕನ್ನಡಕದ ಮೇಲಿಂದ ಇಹಾಬ್‌ನನ್ನು ನೋಡಿದ. "ಅಪ್ಪ ನೀನಾ? ಹುಟ್ಟಿ ಎಂಟು ದಿನ ಆಗಿಲ್ಲ, ಅಷ್ಟ್ರಲ್ಲಿ ಆ ಮಗು ಮೇಲೆ ನಿಂಗೇನಪ್ಪ ಕೋಪ?"

ಇಹಾಬ್ ಹಲ್ಲು ಕಿರಿದ. ಬಯೂಮಿ ಇಹಾಬ್ ಬಯೂಮಿ ಎಂದು ಮುದ್ರೆ ಬಿತ್ತು. ಮುದುಕ ಆ ಕಾಗದವನ್ನು ಮೂರು ಸಲ ಮಡಿಸಿ ಎದೆಯ ಜೇಬಿನಲ್ಲಿ ಇಟ್ಟುಕೊಂಡ. ಬರುವ ದಾರಿಯಲ್ಲಿ ಮೆತ್ವಲ್ಲಿಗೆ ತೋರಿಸಿದ, ಟೀ ಅಂಗಡಿಯವನಿಗೆ ತೋರಿಸಿದ, ಗುರುತು ಪರಿಚಯವಿಲ್ಲದ ಟ್ಯಾಕ್ಸಿಯವನಿಗೂ ತೋರಿಸಿದ.

ನೆರ್ಮೀನ್ ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ. ಬಿಚ್ಚಲಿಲ್ಲ ಎಂದರೆ ಆ ಹೆಸರನ್ನೇ ಉಚ್ಚರಿಸಲಿಲ್ಲ. ಕಂದ, ಪುಟ್ಟ, ಚಿನ್ನ, ಏಯ್ ಎಂದು ಕರೆದುಕೊಂಡು ಐದು ವರ್ಷ ಕಳೆದಳು. ಮಗುವಿಗೆ ತನ್ನ ಹೆಸರಿನ ಭಾರ ತಿಳಿದದ್ದೇ ಶಾಲೆಗೆ ಸೇರಿದ ಮೇಲೆ. ಮೊದಲ ದಿನ ಹಾಜರಿ ಕರೆದಾಗ ಕ್ಲಾಸಿನಲ್ಲಿ ನಗೆಯ ಅಲೆ ಎದ್ದಿತು, ಟೀಚರೂ ನಕ್ಕಳು. ಟೀವಿಯ ಬಾಗಿಲು ಕಾಯುವವನನ್ನು ನೋಡದ ಮಗು ಆ ಕೋಣೆಯಲ್ಲಿ ಇರಲಿಲ್ಲ. ಬಯೂಮಿ ಬಾಗಿಲು ತೆಗಿ, ಬಯೂಮಿ ಚೀಲ ತಗೋ. ಒಂದು ದಿನ ದೊಡ್ಡ ಹುಡುಗರು ತಮ್ಮ ಒಂಬತ್ತು ಚೀಲಗಳನ್ನು ಅವನ ಕತ್ತಿಗೆ, ಭುಜಕ್ಕೆ, ಕೈಗೆ ನೇತುಹಾಕಿ ಮೂರನೆಯ ಮಹಡಿಗೆ ಹತ್ತಿಸಿದರು. ಹುಡುಗ ಅಳದೆ ಹತ್ತಿದ. ಸಂಜೆ ಅಮ್ಮ ಅಂಗಿ ಬಿಚ್ಚಿ ಭುಜದ ಬಾಸುಂಡೆ ನೋಡಿ, ಯಾಕೋ ಹೊತ್ತೆ, ಬಿಸಾಕಬಾರದಿತ್ತಾ ಎಂದು ಕೇಳಿದಳು.

"ಈ ಹೆಸರಿನೋರ ಕೆಲಸ ಅದೇ ಅಲ್ವಾ ಅಮ್ಮ?" ಎಂದ ಹುಡುಗ.

ಆ ಸಂಜೆ ಇಹಾಬ್ ಜೀವಮಾನದಲ್ಲಿ ಮೊದಲ ಸಲ ಅಪ್ಪನ ಎದುರು ನಿಂತು ಗಂಟಲು ಸರಿಮಾಡಿಕೊಂಡ. ಕಾನೂನಿನಲ್ಲಿ ಹೆಸರು ಬದಲಾಯಿಸಲು ಅವಕಾಶವಿದೆ, ಒಂದು ಅರ್ಜಿ ಕೊಟ್ಟರೆ ಸಾಕು, ಎಂದ. ಬಯೂಮಿ ಊಟದ ತಟ್ಟೆ ತಳ್ಳಿ ಎದ್ದು ನಿಂತು, ಮಕ್ಕಳು ಯಾವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೆದರುತ್ತಾರೋ ಆ ಮಾತನ್ನು ಆಡಿಬಿಟ್ಟ.

"ನಾನು ಬದುಕಿರೋವರೆಗೂ ಆ ಹೆಸರು ಮುಟ್ಟಿದ್ರೆ, ನನ್ ಹೃದಯಾನೂ ನನ್ ದೇವ್ರೂ ಪ್ರಳಯದ ದಿನದವರೆಗೂ ನಿನ್ ಮೇಲೆ ಕೋಪ ಇಟ್ಕೊಳ್ಳಲಿ."

ಅಪ್ಪನ ಬಾಯಿಂದ ಆ ಮಾತು ಬಿದ್ದ ಮೇಲೆ ಮಗ ಬದುಕಿಯೂ ಪ್ರಯೋಜನವಿಲ್ಲ. ಹೊಲ ಬೆಳೆಯುವುದಿಲ್ಲ, ಮಕ್ಕಳು ಉಳಿಯುವುದಿಲ್ಲ. ಇಹಾಬ್ ಬಗ್ಗಿ ಅಪ್ಪನ ಕೈಗೆ ಮುತ್ತಿಟ್ಟು ಕ್ಷಮೆ ಕೇಳಿದ. ನೆರ್ಮೀನ್ ಬಾಗಿಲ ಹತ್ತಿರ ನಿಂತು ಶಾಪದ ಒಂದೊಂದು ಶಬ್ದವನ್ನೂ ಗಮನವಿಟ್ಟು ಕೇಳಿಸಿಕೊಂಡಳು.

ಬಯೂಮಿ ಬಾಸುಂಡೆಯ ಸುದ್ದಿ ಕೇಳಿ ಕರಗಲಿಲ್ಲ. ಹುಡುಗ ಗಟ್ಟಿಯಾಗಬೇಕು ಎಂದ. ಅವನನ್ನು ಗಟ್ಟಿಮಾಡುವ ಕೆಲಸವನ್ನು ತಾನೇ ವಹಿಸಿಕೊಂಡ. ಅಂಗಡಿಯಲ್ಲಿ ಗಿರಾಕಿಗಳು ಸೇರಿದಾಗ ಅವನನ್ನು ಮೇಣದ ಪೆಟ್ಟಿಗೆಯ ಮೇಲೆ ನಿಲ್ಲಿಸಿ, "ಹೇಳು, ಪೂರ್ತಿ ಹೆಸರು ಹೇಳು," ಎನ್ನುತ್ತಿದ್ದ. ಹುಡುಗ ನೆಲ ನೋಡಿಕೊಂಡು ಬಯೂಮಿ ಇಹಾಬ್ ಬಯೂಮಿ ಎನ್ನುತ್ತಿದ್ದ. ಜೋರಾಗಿ, ಎನ್ನುತ್ತಿದ್ದ ಅಜ್ಜ. ಗಿರಾಕಿಗಳು ನಗುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಜ್ಜನಿಗೆ ಆ ನಗು ಸಂತೋಷದ ನಗುವಿನಂತೆ ಕೇಳಿಸುತ್ತಿತ್ತು.

ಹುಡುಗನಿಗೆ ಏಳು ತುಂಬುವ ಹೊತ್ತಿಗೆ ಒಂದು ಬದಲಾವಣೆ ಕಂಡಿತು. ಎಳೆದು ತರಬೇಕಾಗಿದ್ದವನು ಶಾಲೆ ಬಿಟ್ಟೊಡನೆ ತಾನಾಗಿಯೇ ಅಂಗಡಿಗೆ ಬರತೊಡಗಿದ. ಬಂದವನು ಅಜ್ಜನ ಎದುರು ನಿಂತು ಮುಖವನ್ನು ದಿಟ್ಟಿಸಿ ನೋಡುತ್ತಿದ್ದ.

"ತಾತ, ಇವತ್ತು ಕೆಮ್ಮು ಜಾಸ್ತಿನಾ?"

"ಇಲ್ಲ ಕಂದ, ಕಡಿಮೆ ಇದೆ."

"ಮೆಟ್ಲು ಹತ್ತುವಾಗ ಎದೆ ಹಿಡ್ಕೊಳ್ಳತ್ತಾ?"

"ಸ್ವಲ್ಪ."

"ಡಾಕ್ಟ್ರು ಏನಂದ್ರು? ಮಾತ್ರೆ ತಗೊಂಡ್ಯಾ? ಒಂದಿನ ತಗೊಳ್ಳದಿದ್ರೆ ಏನಾಗತ್ತೆ?"

"ಮರೆಯಲ್ಲ ಮರೀ, ನೀನು ಚಿಂತೆ ಮಾಡ್ಬೇಡ."

ಐವತ್ತು ವರ್ಷ ಜೊತೆಗಿದ್ದ ಹೆಂಡತಿ ಒಂದು ದಿನವೂ ಬಯೂಮಿಯ ಎದೆಯ ಬಗ್ಗೆ ಹೀಗೆ ಬಿಡಿಸಿ ಬಿಡಿಸಿ ಕೇಳಿದವಳಲ್ಲ. ಮಗನಂತೂ ಅಂಗಡಿಯ ಮುಂದೆಯೇ ಹಾದುಹೋದರೂ ಒಳಗೆ ಇಣುಕುವವನಲ್ಲ. ಹೆಸರು ಸುಮ್ಮನೆ ಹೋಗುವುದಿಲ್ಲ, ರಕ್ತವನ್ನು ಎಳೆಯುತ್ತದೆ ಎಂದು ಅವನು ಕಂಡುಕೊಂಡ. ಕಂಡುಕೊಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಸ್ವಭಾವ ಅವನದಲ್ಲ. ಮೆತ್ವಲ್ಲಿಗೆ ದಿನಕ್ಕೊಂದು ಸಲ ಚುಚ್ಚಿದ.

"ನಿನ್ ನಾಲ್ಕು ಮೊಮ್ಮಕ್ಕಳನ್ನ ಸಾಲಾಗಿ ನಿಲ್ಸಿದ್ರೆ ತುರ್ಕಿ ಧಾರಾವಾಹಿ ಆಗತ್ತೆ. ಒಬ್ಬನಾದ್ರೂ ನಿನ್ ಮಂಡಿನೋವು ಕೇಳಿದ್ದಾನೇನಯ್ಯ? ನನ್ ಬಯೂಮಿನ ನೋಡು. ಮಾತ್ರೆ ಹೆಸರೂ ಬಾಯಿಪಾಠ."

ಮೆತ್ವಲ್ಲಿ ಮೊದಮೊದಲು ಏನಾದರೂ ತಿರುಗಿ ಹೇಳುತ್ತಿದ್ದ. ಬರಬರುತ್ತ ಹೇಳುವುದನ್ನು ಬಿಟ್ಟ. ಹುಡುಗ ಓಣಿಯ ತಿರುವಿನಲ್ಲಿ ಕಾಣಿಸಿದರೆ ಅವನು ಒಳಗೆ ಹೋಗಿ ಕಡಲೆ ಹುರಿಯುವ ಬಾಣಲೆಯ ಮುಂದೆ ನಿಂತುಬಿಡುತ್ತಿದ್ದ. ತನ್ನ ಮಾತು ಗೆಳೆಯನಿಗೆ ಎಲ್ಲಿ ತಾಗುತ್ತಿದೆ ಎಂದು ಬಯೂಮಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆಡುತ್ತಿದ್ದ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಮೆತ್ವಲ್ಲಿ ಅಂಗಡಿಯ ಬಾಗಿಲೆತ್ತಲು ಬಗ್ಗಿದವನು ಮೇಲೇಳಲಿಲ್ಲ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಸೀದಿಯ ಮೈಕಿನಲ್ಲಿ ಅವನ ಹೆಸರು ಬಂತು. ಹೂತು ಬಂದು ಬಯೂಮಿ ಕೈಕಾಲು ತೊಳೆದು ಅಂಗಡಿಯಲ್ಲಿ ಒಬ್ಬನೇ ಕೂತಿದ್ದಾಗ ಹುಡುಗ ಓಡಿಕೊಂಡು ಬಂದ. ಏದುಸಿರು ಬಿಡುತ್ತಿದ್ದ.

"ತಾತ, ಮೈಕಲ್ಲಿ ಹೇಳಿದ್ದು ಯಾರ ಹೆಸ್ರು? ಸ್ಕೂಲಿಗೆ ಸರಿಯಾಗಿ ಕೇಳಿಸ್ಲಿಲ್ಲ."

"ಪಕ್ಕದ ಮೆತ್ವಲ್ಲಿ ತಾತಂದು ಕಂದ."

ಹುಡುಗನ ಚೀಲ ಭುಜದಿಂದ ಜಾರಿ ನೆಲಕ್ಕೆ ಬಿತ್ತು. ಅವನು ತುಟಿ ಕಚ್ಚಿಕೊಂಡು ನಿಂತ. ಬಯೂಮಿ ಮಗುವನ್ನು ಹತ್ತಿರ ಎಳೆದು ತಲೆ ನೇವರಿಸಿದ.

"ಅವ್ರು ನಿನಗಿಂತ ದೊಡ್ಡೋರಾ?"

"ಒಂದು ವರ್ಷ ಚಿಕ್ಕೋನು."

"ಹಂಗಾದ್ರೆ ಮೊದ್ಲು ನೀನು ಹೋಗ್ಬೇಕಿತ್ತಲ್ವಾ?"

ದುಃಖದ ನಡುವೆಯೂ ಮುದುಕನಿಗೆ ನಗು ಬಂತು. "ಯಾಕೋ ಪುಟ್ಟಾ, ತಾತನ್ನ ಕಳಿಸೋಕೆ ಅಷ್ಟು ಅವಸರನಾ?"

"ಅವಸರ ಏನಿಲ್ಲ," ಎಂದ ಹುಡುಗ, ಗಂಭೀರವಾಗಿ, ವ್ಯವಹಾರ ಮಾತಾಡುವವನಂತೆ. "ಆದ್ರೆ ಸೆಪ್ಟೆಂಬರಲ್ಲಿ ಹೊಸ ಸ್ಕೂಲಿಗೆ ಹಾಕ್ತಾರೆ. ಅಲ್ಲಿ ಯಾರಿಗೂ ನನ್ ಹೆಸ್ರು ಗೊತ್ತಿಲ್ಲ. ಅಷ್ಟ್ರೊಳಗೆ ಆಗಿದ್ರೆ ಚೆನ್ನಾಗಿತ್ತು."

"ಏನಾಗಿದ್ರೆ?"

"ನೀನು ಸತ್ತಿದ್ರೆ." ಹುಡುಗ ಅಜ್ಜನ ಅಂಗಿಯ ಗುಂಡಿಯನ್ನು ತಿರುವುತ್ತ ಹೇಳಿದ. "ನೀನು ಸತ್ ಮೇಲೆ ಅಪ್ಪ ಹೋಗಿ ನನ್ನ ಮಾಲಿಕ್ ಮಾಡಿಸ್ತಾನೆ. ಅಮ್ಮ ಹೇಳಿದ್ದಾಳೆ. ನೀನು ಇರೋವರೆಗೂ ಆಗಲ್ವಂತೆ, ದೇವ್ರಿಗೆ ಕೋಪ ಬರತ್ತಂತೆ. ಅದಕ್ಕೇ ನಾನು ದಿನಾ ಬಂದು ಕೇಳೋದು."

ಬಯೂಮಿ ಹುಡುಗನ ತಲೆಯ ಮೇಲಿಂದ ಕೈ ತೆಗೆದ. ಎದ್ದು, ಗೋಡೆ ಹಿಡಿದುಕೊಂಡು ಮೇಲಂತಸ್ತಿಗೆ ಹತ್ತಿದ.

ಮೇಲೆ ರತೀಬಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನೆರ್ಮೀನ್ ಸೊಪ್ಪು ಹೆಚ್ಚುತ್ತಿದ್ದಳು. ಇಹಾಬ್ ಸಾವಿನ ಮನೆಯಿಂದ ಬಂದು ಷೂ ಬಿಚ್ಚುತ್ತಿದ್ದ. ಬಾಗಿಲಲ್ಲಿ ನಿಂತ ಮುದುಕನ ಮುಖ ನೋಡಿಯೇ ಅವನು ಒಂದು ಷೂ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತ. ಬಯೂಮಿ ನೋಡಿದ್ದು ಸೊಸೆಯನ್ನು.

"ನಾನು ಸಾಯೋದನ್ನ ಕಾಯ್ತಿದ್ದೀಯಾ ನೀನು?"

"ಹೂಂ," ಎಂದಳು ನೆರ್ಮೀನ್. ಚಾಕು ಕೆಳಗಿಟ್ಟು ಕೈ ಒರೆಸಿಕೊಂಡಳು. "ಮಗು ದಿನಾ ಅಳ್ತಿತ್ತು ಮಾವ. ಏನಾದ್ರೂ ಹೇಳಿ ಸಮಾಧಾನ ಮಾಡ್ಬೇಕಿತ್ತು. ನಿಜಾನೇ ಹೇಳ್ದೆ. ನೀವೇ ತಾನೆ ಅಂದಿದ್ದು, ಬದುಕಿರೋವರೆಗೂ ಅಂತ?"

"ಮಗು ಬಾಯಲ್ಲಿ ಇದನ್ನ ಆಡಿಸ್ತೀಯಾ?"

"ಬತ್ತಿಗೆ ಮೋಸ ಮಾಡಿದ್ದು ನೀವು. ನಾನು ಮೋಸ ಮಾಡ್ತಿಲ್ಲ, ಕಾಯ್ತಾ ಇದ್ದೀನಿ ಅಷ್ಟೆ. ನಿಮ್ಮ ಊಟಕ್ಕೆ ಉಪ್ಪು ಕಡಿಮೆ ಹಾಕ್ತೀನಿ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡ್ತೀನಿ, ಬಟ್ಟೆ ಒಗೀತೀನಿ. ನಾಳೆ ದೇವರ ಮುಂದೆ ನಾನು ತಲೆ ತಗ್ಗಿಸ್ಬೇಕಾಗಿಲ್ಲ."

ಬತ್ತಿಯ ಮಾತು ಬಂದಾಗ ಬಯೂಮಿ ತಡವರಿಸಿದ. "ನಿಂಗೆ ಯಾರು ಹೇಳಿದ್ದು?"

"ನಾನೇ ಹೇಳ್ದೆ ಹಾಜಿ," ಎಂದಳು ರತೀಬಾ, ಅಕ್ಕಿಯಿಂದ ಕಣ್ಣೆತ್ತದೆ. "ಇಹಾಬ್ ಹುಟ್ಟಿದಾಗ ನನ್ ತಮ್ಮನ ಹೆಸರಿಡಿ ಅಂತ ನಿಮ್ಮ ಕಾಲು ಹಿಡ್ದಿದ್ದೆ. ಯುದ್ಧಕ್ಕೆ ಅಂತ ಕಾಲುವೆ ದಾಟಿ ಹೋದೋನು ಹೆಣವಾಗಿಯಾದ್ರೂ ಬರ್ಲಿಲ್ಲ, ಹೆಸರಾದ್ರೂ ಮನೇಲಿರ್ಲಿ ಅಂತ. ತಟ್ಟೇಲಿ ಎಲ್ಲಕ್ಕಿಂತ ಮೊದ್ಲು ಆರಿದ್ದು ಅವನ ಹೆಸರಿನ ಬತ್ತಿ, ರಿಫಾತ್. ತಟ್ಟೆ ತೊಳೆದೋಳು ನಾನು. ಎಷ್ಟು ದಪ್ಪ ದಾರ ಹಾಕಿದ್ರಿ ಅಂತ ನೋಡ್ದೆ."

"ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

"ನೀವು ಕೇಳ್ಲಿಲ್ಲ."

ಅವಳು ಒಂದು ಕಲ್ಲನ್ನು ಆರಿಸಿ ಪಕ್ಕಕ್ಕೆ ಇಟ್ಟಳು. ನೀನೂ ಕಾಯುತ್ತಿದ್ದೀಯಾ ಎಂದು ಕೇಳಬೇಕೆಂದು ಬಯೂಮಿಯ ಬಾಯಿಗೆ ಬಂತು, ಆದರೆ ಕೇಳಲು ಧೈರ್ಯ ಬರಲಿಲ್ಲ. ಇಹಾಬ್ ಷೂ ಕೆಳಗಿಟ್ಟು ಹತ್ತಿರ ಬಂದ. ಅವನ ಕಣ್ಣಲ್ಲಿ ನೀರಿತ್ತು.

"ಅಪ್ಪ, ಒಂದು ಮಾತು ಹೇಳ್ಬಿಡಿ. ಶಾಪ ವಾಪಸ್ ತಗೊಂಡೆ ಅಂದ್ರೆ ಸಾಕು, ನಾಳೆನೇ ಹೋಗಿ ಬರೆಸ್ತೀನಿ. ಆಮೇಲೆ ಆ ಮಗು ನಿಮ್ಮ ಸಾವು ಬೇಡೋದಾದ್ರೂ ನಿಲ್ಲತ್ತೆ."

ಬಯೂಮಿ ತಿರುಗಿ ಮೆಟ್ಟಿಲು ಇಳಿದ.

ಮರುದಿನ ಅಂಗಡಿಯಲ್ಲಿ ಅವನು ಕೆಲಸಕ್ಕೆ ಕೈ ಹಚ್ಚಲಿಲ್ಲ. ಪಕ್ಕದ ಬಾಗಿಲು ಮುಚ್ಚಿತ್ತು, ಕಡಲೆ ಹುರಿಯುವ ವಾಸನೆಯಿಲ್ಲದೆ ಓಣಿ ಯಾವುದೋ ಬೇರೆ ಊರಿನದಾಗಿತ್ತು. ಒಂಬತ್ತು ಚೀಲ ಹೊತ್ತು ಮಹಡಿ ಹತ್ತಿದ ಮಗು ಅವನ ಕಣ್ಣ ಮುಂದೆ ಬಂತು. ಎರಡು ವರ್ಷದ ಹಿಂದಿನ ಬಾಸುಂಡೆ ಅವನಿಗೆ ಈಗ ಉರಿಯಿತು. ಪೆಟ್ಟಿಗೆಯ ಮೇಲೆ ನಿಲ್ಲಿಸಿದಾಗ ಜನ ಯಾಕೆ ನಗುತ್ತಿದ್ದರು ಎಂಬುದೂ ತಿಳಿಯಿತು. ಇದೆಲ್ಲ ಅಷ್ಟು ಕಷ್ಟದ ಸಂಗತಿಯೇನಲ್ಲ, ಯಾವ ದಡ್ಡನಿಗೂ ತಿಳಿಯುವಂಥದು, ಅವನಿಗೆ ತಿಳಿಯಲು ಏಳು ವರ್ಷ ಬೇಕಾಯಿತು. ಹುಡುಗ ಬಂದ ಕೂಡಲೇ ಹೇಳಿಬಿಡುತ್ತೇನೆ, ಹೋಗು, ನಿನ್ನಪ್ಪನಿಗೆ ಹೇಳು, ಆ ಹೆಸರು ನಾನು ಬಿಟ್ಟೆ ಅಂತ, ಎಂದು ನಿರ್ಧರಿಸಿದ. ಆ ಮಾತನ್ನು ಎರಡು ಸಲ ಬಾಯಿಬಿಟ್ಟು ಹೇಳಿಯೂ ನೋಡಿದ.

ಶಾಲೆ ಬಿಟ್ಟಿತು. ಹುಡುಗ ಬಾಗಿಲ ಹೊರಗೇ ನಿಂತ. ಮನೆಯಲ್ಲಿ ಅಮ್ಮನಿಂದ ಬೈಸಿಕೊಂಡ ಮುಖ. ಆದರೂ ಬಂದಿದ್ದ.

"ಕೋಪನಾ ತಾತ?"

"ಇಲ್ಲ. ಬಾ ಒಳಗೆ."

ಅವನು ಒಳಗೆ ಬಂದು ಎಂದಿನ ಜಾಗದಲ್ಲಿ ನಿಂತು ಅಜ್ಜನ ಮುಖವನ್ನು ಹುಡುಕಿದ. "ಇವತ್ತು ಎದೆ ಹೇಗಿದೆ?"

ಮಾತು ಬಯೂಮಿಯ ನಾಲಿಗೆಯ ತುದಿಯಲ್ಲಿತ್ತು. ಆಡಿದರೆ ಏನಾಗುತ್ತದೆ ಎಂಬುದೂ ಅವನಿಗೆ ಕಂಡಿತು. ಹುಡುಗ ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಓಡುತ್ತಾನೆ. ನಾಳೆ ಮಾಲಿಕ್ ಆಗಿ, ಓಣಿಯ ಆದಮ್, ಇಯಾದ್‌ಗಳ ಜೊತೆ ಚೆಂಡು ಒದೆಯುತ್ತ ಈ ಅಂಗಡಿಯ ಮುಂದೆಯೇ ಹಾದುಹೋಗುತ್ತಾನೆ. ಬಯೂಮಿ ಎಂಬುವನ ಎದೆ ಹೇಗಿದೆ ಎಂದು ಕೇಳಲು ಅವನಿಗೆ ಯಾವ ಕಾರಣವೂ ಉಳಿಯುವುದಿಲ್ಲ. ಕೇಳಲು ಬೇರೆ ಯಾರೂ ಇರಲಿಲ್ಲ. ರತೀಬಾ ನಿನ್ನೆಯಿಂದ ಮಾತಾಡಿರಲಿಲ್ಲ, ಮೆತ್ವಲ್ಲಿಯನ್ನು ಮಣ್ಣು ಮಾಡಿಯಾಗಿತ್ತು.

"ಚೆನ್ನಾಗಿಲ್ಲ ಕಂದ," ಎಂದ ಮುದುಕ. "ಬೆಳಿಗ್ಗೆಯಿಂದ ಒಂದೇ ಸಮನೆ ನೋವು."

ಅವನ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ನೋವಿನ ಸುಳಿವೂ ಇರಲಿಲ್ಲ. ಹುಡುಗನ ಮುಖ ಅರಳಿತು. ಅರಳಿದ್ದನ್ನು ಮುಚ್ಚಿಡಲು ಅವನಿಗೆ ಇನ್ನೂ ಬರುತ್ತಿರಲಿಲ್ಲ. ಸ್ಟೂಲನ್ನು ಎಳೆದುಕೊಂಡು ಅಜ್ಜನ ಮಂಡಿಗೆ ತಾಗುವಂತೆ ಕೂತು, ಪುಟ್ಟ ಅಂಗೈಯನ್ನು ಅವನ ಎದೆಯ ಮೇಲೆ ಇಟ್ಟ.

"ತುಂಬಾ ನೋವಾ?"

"ತುಂಬಾ."

"ಸೆಪ್ಟೆಂಬರ್‌ವರೆಗೆ ಇರ್ತೀಯಾ?"

"ಅನುಮಾನ," ಎಂದ ಬಯೂಮಿ.

ಆ ದಿನ ಹುಡುಗ ಚೆಂಡಾಟಕ್ಕೆ ಹೋಗಲಿಲ್ಲ. ಗೆಳೆಯರು ಬಂದು ಕರೆದರೂ ಏಳಲಿಲ್ಲ. ಸಂಜೆಯ ಆಜಾನ್ ಆಗುವವರೆಗೂ ಅಜ್ಜನ ಎದೆ ನೀವುತ್ತ ಅಲ್ಲೇ ಕೂತಿದ್ದ.